ಲೇಸರ್ ಬಿಟ್ಟು ಗಾಜು ತಂಪು ಮಾಡುವುದು: ಕರಾವಳಿಯ ಲ್ಯಾಬ್‌ಗೆ ಒಂದು ಸಮಗ್ರ ಮಾರ್ಗದರ್ಶಿ

ಲೇಸರ್ ಬಿಟ್ಟರೆ ವಸ್ತು ಬಿಸಿಯಾಗುತ್ತದೆ. ಆದರೆ ಸರಿಯಾದ ಗಾಜಿಗೆ ಸರಿಯಾದ ತರಂಗಾಂತರದ ಲೇಸರ್ ಬಿಟ್ಟರೆ ಅದು ತಣ್ಣಗಾಗುತ್ತದೆ. ಹೀಗೂ ಆಗಬಹುದು ಎಂದು ಜರ್ಮನಿಯ ಭೌತಶಾಸ್ತ್ರಜ್ಞ ಪೀಟರ್ ಪ್ರಿಂಗ್ಸ್‌ಹೈಮ್ 1929ರಲ್ಲೇ ಹೇಳಿದ್ದರು. ಮಾಡಿ ತೋರಿಸಲು 1995 ಬರಬೇಕಾಯಿತು. ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ರಿಚರ್ಡ್ ಎಪ್‌ಸ್ಟೈನ್ ಅವರ ತಂಡ ಇಟರ್ಬಿಯಂ ಎಂಬ ಧಾತು ಬೆರೆಸಿದ ಫ್ಲೋರೈಡ್ ಗಾಜಿನ ಚೂರನ್ನು 0.3 ಡಿಗ್ರಿ ತಣ್ಣಗೆ ಮಾಡಿತು. 66 ವರ್ಷ ಕಾದು ಸಿಕ್ಕಿದ್ದು ಅಷ್ಟೇ! ಅದರಲ್ಲಿ ಮೊದಲ 31 ವರ್ಷ ಲೇಸರ್ ಅನ್ನುವುದೇ ಇರಲಿಲ್ಲ. ಆಮೇಲೆ ಕಾಡಿದ್ದು ಮುಖ್ಯವಾಗಿ ವಸ್ತುವಿನ ಶುದ್ಧತೆ.

ಈ ಬರಹ ಭೌತಶಾಸ್ತ್ರ ಅಥವಾ ಮೆಟೀರಿಯಲ್ಸ್ ಓದುತ್ತಿರುವ, ಪ್ರಾಜೆಕ್ಟ್‌ಗೆ ಈ ವಿಷಯ ಆರಿಸಿಕೊಂಡಿರುವವರಿಗೆ. ಸುರತ್ಕಲ್, ಕೊಣಾಜೆ, ಮಣಿಪಾಲ, ಎಲ್ಲೇ ಇರಿ, ನಿಮ್ಮ ಸಮಸ್ಯೆ ಒಂದೇ: ಮಳೆಗಾಲದ ತೇವ ಮತ್ತು ಕೆಂಪು ಧೂಳು. ಈ ಗಾಜಿನ ಇಬ್ಬರು ದೊಡ್ಡ ಶತ್ರುಗಳು ನಮ್ಮ ಊರಲ್ಲೇ ಮನೆ ಮಾಡಿಕೊಂಡಿದ್ದಾರೆ.

ಮೊದಲು ಲೆಕ್ಕ

ಇಟರ್ಬಿಯಂ ಅಯಾನಿಗೆ ಎರಡೇ ಮುಖ್ಯ ಮಟ್ಟಗಳು, ಕೆಳಗಿನದು ಮತ್ತು ಮೇಲಿನದು. ಗಾಜಿನೊಳಗೆ ಕೂತಾಗ ಕೆಳಗಿನದು ನಾಲ್ಕಾಗಿ, ಮೇಲಿನದು ಮೂರಾಗಿ ಒಡೆಯುತ್ತದೆ. ಲೇಸರನ್ನು ಹೇಗೆ ಹೊಂದಿಸುತ್ತೇವೆ ಅಂದರೆ, ಕೆಳಗಿನ ಗುಂಪಿನ ತುತ್ತತುದಿಯಲ್ಲಿ ಇರುವ ಅಯಾನು ಮಾತ್ರ ಬೆಳಕನ್ನು ಹೀರಿ ಮೇಲಿನ ಗುಂಪಿನ ಕೆಳ ಮೆಟ್ಟಿಲಿಗೆ ಹಾರಬೇಕು. ಆ ತುತ್ತತುದಿಗೆ ಅದನ್ನು ಹತ್ತಿಸಿದ್ದು ಗಾಜಿನ ಕಂಪನ, ಅಂದರೆ ಶಾಖ. ಮೇಲೆ ಹೋದ ಮೇಲೂ ಸ್ವಲ್ಪ ಶಾಖ ಹೀರಿ ಅಲ್ಲಿನ ಮೆಟ್ಟಿಲುಗಳಲ್ಲಿ ಹಂಚಿಕೊಳ್ಳುತ್ತದೆ. ನಂತರ ಕೆಳಗೆ ಬೀಳುವಾಗ ಹೊರಬರುವ ಬೆಳಕಿನ ಶಕ್ತಿ, ಸರಾಸರಿ ನೋಡಿದರೆ, ಒಳಹೋದದ್ದಕ್ಕಿಂತ ಜಾಸ್ತಿ. ಆ ವ್ಯತ್ಯಾಸ ಗಾಜಿನ ಶಾಖದಿಂದ ಹೋಗಿರುತ್ತದೆ.

ಎಷ್ಟು ಜಾಸ್ತಿ? ಜಿರ್ಕೋನಿಯಂ ಫ್ಲೋರೈಡ್ ಗಾಜಿನಲ್ಲಿ ಇಟರ್ಬಿಯಂ ಹೊರಸೂಸುವ ಬೆಳಕಿನ ಸರಾಸರಿ ತರಂಗಾಂತರ ಸುಮಾರು 995 ನ್ಯಾನೋಮೀಟರ್. ನೀವು 1025 ನ್ಯಾನೋಮೀಟರ್‌ನ ಲೇಸರ್ ಬಿಟ್ಟರೆ, 1025 ಭಾಗಿಸು 995, ಅಂದರೆ 1.03. ನೂರಕ್ಕೆ ಮೂರು ಲಾಭ.

ಮೀನಿನ ಧಕ್ಕೆಯಲ್ಲಿ ಒಂದೊಂದು ಬಂಗುಡೆಯನ್ನು 100 ರೂಪಾಯಿಗೆ ತೆಗೆದು 103ಕ್ಕೆ ಮಾರಿದ ಹಾಗೆ. ಒಂದು ಮೀನು ಕೊಳೆತರೆ ಹೋಗುವುದು 3 ರೂಪಾಯಿಯಲ್ಲ, ಪೂರ್ತಿ 100. ಅಂದರೆ 33 ಮೀನಿನ ಲಾಭ ಒಂದರಲ್ಲೇ ಹೋಯಿತು. ಇಲ್ಲೂ ಅಷ್ಟೇ. ನೂರು ಫೋಟಾನುಗಳಲ್ಲಿ, ಅಂದರೆ ಬೆಳಕಿನ ಕಣಗಳಲ್ಲಿ, ಮೂರು ಹೊರಗೆ ಬರದೆ ಗಾಜಿನೊಳಗೇ ಶಾಖವಾದರೆ ತಂಪು ಮುಗಿಯಿತು. ನಾಲ್ಕನೆಯದು ಹಾಗಾದರೆ ಗಾಜು ಬಿಸಿ.

ಫೋಟಾನು ಕೊಳೆಯಲು ಎರಡು ದಾರಿ. ಒಂದು, ಅಯಾನು ಹೀರಿದ ಶಕ್ತಿ ಬೆಳಕಾಗಿ ಹೊರಗೆ ಬರದೆ ಉಳಿಯುವುದು. ಇನ್ನೊಂದು, ಅಯಾನಿನ ಬದಲು ಗಾಜಿನ ಕಲ್ಮಶವೇ ಲೇಸರನ್ನು ಹೀರುವುದು. ಅಯಾನು ಹೀರಿದ್ದರಲ್ಲಿ ಬೆಳಕಾಗಿ ಹೊರಬರುವ ಪಾಲನ್ನು ಹೊರಬರುವ ದಕ್ಷತೆ, ಒಟ್ಟು ಹೀರಿದ್ದರಲ್ಲಿ ಅಯಾನು ಹೀರಿದ ಪಾಲನ್ನು ಹೀರುವ ದಕ್ಷತೆ ಅನ್ನೋಣ. ಎರಡನ್ನೂ ಗುಣಿಸಿ, 1.03ರಿಂದ ಗುಣಿಸಿ, 1 ಕಳೆಯಿರಿ. ಎರಡೂ 0.99 ಇದ್ದರೆ ಉಳಿಯುವುದು ಸುಮಾರು 0.01. ಪರೀಕ್ಷೆಯಲ್ಲಿ 99 ಅಂಕ ಬಂದರೆ ಮನೆಯಲ್ಲಿ ಪಾಯಸ ಮಾಡುತ್ತಾರೆ. ಇಲ್ಲಿ ಎರಡು ವಿಷಯದಲ್ಲಿ 99 ಬಂದರೂ ಕೈಗೆ ಸಿಗುವುದು ನೂರಕ್ಕೆ ಒಂದು.

ಯಾವ ಗಾಜು

ಫ್ಲೋರೈಡ್ ಗಾಜು ಯಾಕೆ? ಅದರ ಕಂಪನಗಳು ಮೆತ್ತಗೆ. ಗಾಜಿನ ಅತಿ ದೊಡ್ಡ ಕಂಪನದ ಶಕ್ತಿ ಸೆಂಟಿಮೀಟರ್‌ಗೆ ಅಲೆಗಳ ಲೆಕ್ಕದಲ್ಲಿ ಸುಮಾರು 580. ಸಿಲಿಕಾದಲ್ಲಿ ಅದು ಸುಮಾರು 1100. ಇಟರ್ಬಿಯಂನ ಎರಡು ಮಟ್ಟಗಳ ನಡುವಿನ ಅಂತರ ಸುಮಾರು 10,000. ದೊಡ್ಡ ಹಳ್ಳವನ್ನು ಸಣ್ಣ ಹೆಜ್ಜೆಯಲ್ಲಿ ದಾಟಲು ಆಗುವುದಿಲ್ಲ. ಹಾಗಾಗಿ ಶಕ್ತಿ ಶಾಖವಾಗಿ ಸೋರುವ ಬದಲು ಬೆಳಕಾಗಿ ಹೊರಡುತ್ತದೆ.

ಹೆಚ್ಚು ಬಳಕೆಯಲ್ಲಿರುವ ಫ್ಲೋರೈಡ್ ಗಾಜಿನ ಹೆಸರು ಜಬ್ಲಾನ್. ಜಿರ್ಕೋನಿಯಂ, ಬೇರಿಯಂ, ಲ್ಯಾಂಥನಂ, ಅಲ್ಯೂಮಿನಿಯಂ, ಸೋಡಿಯಂ, ಈ ಐದರ ಫ್ಲೋರೈಡುಗಳ ಮಿಶ್ರಣ. ಈ ಬಗೆಯ ಗಾಜು 1970ರ ದಶಕದಲ್ಲಿ ಫ್ರಾನ್ಸಿನ ರೆನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. 2005ರಲ್ಲಿ ಇಟರ್ಬಿಯಂ ಬೆರೆಸಿದ ಇದೇ ಕುಟುಂಬದ ಗಾಜನ್ನು ಕೋಣೆಯ ಉಷ್ಣತೆಯಿಂದ 208 ಕೆಲ್ವಿನ್‌ಗೆ ಇಳಿಸಿದರು. ಅಂದರೆ ಮೈನಸ್ 65 ಡಿಗ್ರಿ ಸೆಲ್ಸಿಯಸ್.

ಹರಳುಗಳು ಇನ್ನೂ ಕೆಳಗೆ ಹೋಗಿವೆ. ಇಟರ್ಬಿಯಂ ಬೆರೆಸಿದ ಇಟ್ರಿಯಂ ಲಿಥಿಯಂ ಫ್ಲೋರೈಡ್ ಹರಳು 2016ರಲ್ಲಿ 91 ಕೆಲ್ವಿನ್ ಮುಟ್ಟಿತು. ಹರಳಿನಲ್ಲಿ ಎಲ್ಲ ಅಯಾನುಗಳಿಗೂ ಒಂದೇ ಬಗೆಯ ಮನೆ, ಹಾಗಾಗಿ ಹೀರುವ ಗೆರೆ ಚೂಪು. ಗಾಜಿನಲ್ಲಿ ಒಬ್ಬೊಬ್ಬರದು ಒಂದೊಂದು ಮನೆ, ಗೆರೆ ಹರಡಿಕೊಳ್ಳುತ್ತದೆ. ಆದರೆ ಹರಳು ಬೆಳೆಸುವುದು ಬೇರೆಯದೇ ಕಸುಬು. ಸಿಲಿಕಾ ತಂಪಾಗುವುದೇ ಇಲ್ಲ ಎಂದು ಬಹಳ ಕಾಲ ಅಂದುಕೊಂಡಿದ್ದರು. 2020ರ ಹೊತ್ತಿಗೆ ಅದೂ ಆಯಿತು. ಸ್ಟ್ಯಾನ್‌ಫರ್ಡ್‌ನವರು ಸಿಲಿಕಾ ಫೈಬರಿನಲ್ಲಿ, ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದವರು ಜರ್ಮನಿಯ ಯೇನಾದ ತಂಡದ ಜೊತೆ ಸೇರಿ ಫೈಬರ್ ಎಳೆಯುವ ಸಿಲಿಕಾ ದಂಡದಲ್ಲಿ ತೋರಿಸಿದರು. ಸಿಲಿಕಾಗೆ ನೀರಿನ ಭಯ ಇಲ್ಲ. ಆದರೆ ಇಟರ್ಬಿಯಂ ಅದರೊಳಗೆ ಸುಲಭವಾಗಿ ಕರಗದೆ ಗುಂಪು ಕಟ್ಟುತ್ತದೆ. ಅದನ್ನು ಬಿಡಿಸಲು ಅಲ್ಯೂಮಿನಿಯಂ, ಫಾಸ್ಫರಸ್ ಬೆರೆಸಿ ಆವಿಯಿಂದ ಪದರ ಪದರವಾಗಿ ಕಟ್ಟಬೇಕು. ಕಾಲೇಜು ಕುಲುಮೆಯಲ್ಲಿ ಆಗುವ ಕೆಲಸ ಅಲ್ಲ.

ನನ್ನ ಸಲಹೆ ಸ್ವಲ್ಪ ತಲೆಕೆಳಗು. ಮೊದಲು ಇಟರ್ಬಿಯಂ ಬೆರೆಸಿದ ಜಬ್ಲಾನ್ ತುಂಡನ್ನು ಕೊಂಡು ತನ್ನಿ. ಅದರ ಮೇಲೆ ಅಳೆಯುವುದನ್ನು ಕಲಿಯಿರಿ. ಆಮೇಲೆ ನಿಮ್ಮದೇ ಗಾಜು ಕರಗಿಸಿ. ನಾವು ಉಲ್ಟಾ ಮಾಡಿದೆವು. ಒಂದು ವರ್ಷ ಗಾಜು ಮಾಡಿದೆವು, ಅದು ಬಿಸಿಯಾಗುತ್ತಿದೆಯೋ ಅಳತೆ ತಪ್ಪೋ ಗೊತ್ತಾಗದೆ ಕೂತೆವು.

ಕಚ್ಚಾ ವಸ್ತು, ಮತ್ತು ಮುರಕಲ್ಲಿನ ಧೂಳು

ಉಳ್ಳಾಲದ ಮರಳಲ್ಲಿ ಮೊನಜೈಟ್ ಖನಿಜ ಇದೆ, ನಮ್ಮೂರಲ್ಲೇ ವಿರಳ ಭಸ್ಮ ಧಾತುಗಳು (ರೇರ್ ಅರ್ಥ್) ಸಿಗುತ್ತವಲ್ವಾ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಮೊನಜೈಟಿನಲ್ಲಿ ಇರುವುದು ಹೆಚ್ಚಾಗಿ ಸೀರಿಯಂ, ಲ್ಯಾಂಥನಂ, ನಿಯೋಡಿಮಿಯಂ. ಜೊತೆಗೆ ವಿಕಿರಣ ಸೂಸುವ ಥೋರಿಯಂ. ಇಟರ್ಬಿಯಂ ತೀರಾ ಅಲ್ಪ. ಆ ಆಸೆ ಬಿಡಿ.

20 ಗ್ರಾಂ ಗಾಜಿಗೆ ಬೇಕಾದದ್ದು ಹೀಗೆ: ಜಿರ್ಕೋನಿಯಂ ಫ್ಲೋರೈಡ್ 12.38 ಗ್ರಾಂ, ಬೇರಿಯಂ ಫ್ಲೋರೈಡ್ 4.90, ಸೋಡಿಯಂ ಫ್ಲೋರೈಡ್ 1.17, ಇಟರ್ಬಿಯಂ ಫ್ಲೋರೈಡ್ 0.64, ಲ್ಯಾಂಥನಂ ಫ್ಲೋರೈಡ್ 0.55, ಅಲ್ಯೂಮಿನಿಯಂ ಫ್ಲೋರೈಡ್ 0.35. ಮೋಲ್ ಲೆಕ್ಕದಲ್ಲಿ ಇದೇ ಕ್ರಮಕ್ಕೆ 53, 20, 20, 2, 2, 3. ಮಾಮೂಲಿ ಜಬ್ಲಾನ್‌ನಲ್ಲಿರುವ 4 ಪಾಲು ಲ್ಯಾಂಥನಂನಲ್ಲಿ ಅರ್ಧ ತೆಗೆದು ಇಟರ್ಬಿಯಂ ಹಾಕಿದ್ದೇವೆ ಅಷ್ಟೇ. ತೂಕದಲ್ಲಿ ಇಟರ್ಬಿಯಂ ಸುಮಾರು 2.4 ಶೇಕಡ ಆಗುತ್ತದೆ. ಇನ್ನೂ ಜಾಸ್ತಿ ಹಾಕಿದರೆ ಜಾಸ್ತಿ ತಂಪು ಎಂದುಕೊಳ್ಳಬೇಡಿ. ಅಯಾನುಗಳು ಹತ್ತಿರವಾದಂತೆ ಶಕ್ತಿ ಒಂದರಿಂದ ಒಂದಕ್ಕೆ ಜಿಗಿಯುತ್ತಾ ಹೋಗಿ ಕೊನೆಗೆ ಯಾವುದೋ ಕಲ್ಮಶದ ಬಾಯಿಗೆ ಬೀಳುತ್ತದೆ.

ಕಲ್ಮಶಗಳಲ್ಲಿ ಕಬ್ಬಿಣ ಮತ್ತು ತಾಮ್ರ ಬಹಳ ಕೆಟ್ಟವು. ಎರಡೂ ಸರಿಯಾಗಿ 1 ಮೈಕ್ರಾನ್ (1000 ನ್ಯಾನೋಮೀಟರ್) ಆಸುಪಾಸಿನಲ್ಲೇ ಬೆಳಕು ಹೀರುತ್ತವೆ. ಹತ್ತು ಲಕ್ಷದಲ್ಲಿ ಒಂದು ಪಾಲು ಇದ್ದರೂ ಜಾಸ್ತಿಯೇ. ಈಗ ಕಿಟಕಿಯಿಂದ ಹೊರಗೆ ನೋಡಿ. ಗೋಡೆ ಮುರಕಲ್ಲು, ಅಂಗಳ ಕೆಂಪು ಮಣ್ಣು, ಮೇ ತಿಂಗಳಲ್ಲಿ ಮೇಜಿನ ಮೇಲೆ ಕೆಂಪು ಪುಡಿ. ಆ ಕೆಂಪು ಎಲ್ಲ ಕಬ್ಬಿಣದ ಆಕ್ಸೈಡ್. ಹಾಗಾಗಿ ಚಪ್ಪಲಿ ಹೊರಗೆ ಬಿಡಿ, ಕಿಟಕಿ ಮುಚ್ಚಿ, ಒಣ ಬಟ್ಟೆಯಲ್ಲಿ ಧೂಳು ಕೊಡವಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಸ್ಟೀಲ್ ಚಮಚ ಬೇಡವೇ ಬೇಡ. ಟೆಫ್ಲಾನ್ ಅಥವಾ ಪ್ಲಾಟಿನಂ ಬಳಸಿ. ಪುಡಿಯನ್ನು ಸ್ಟೀಲ್ ಗಿರಣಿಯಲ್ಲಿ ಅರೆಯಬೇಡಿ. ಜಿರ್ಕೋನಿಯಂ ಫ್ಲೋರೈಡನ್ನು ಬಿಸಿ ಮಾಡಿ ಆವಿಯಾಗಿಸಿ ಮತ್ತೆ ಹಿಡಿದರೆ ಕಬ್ಬಿಣ ಹಿಂದೆ ಉಳಿಯುತ್ತದೆ. ಹೀಗೆ ಶುದ್ಧ ಮಾಡಿದ್ದೇ ಮಾರಾಟಕ್ಕೂ ಸಿಗುತ್ತದೆ. ದುಡ್ಡು ಉಳಿಸಬೇಕಾದ ಜಾಗ ಇದಲ್ಲ.

ಕರಗಿಸುವುದು

ಇದು ಮನೆಯ ಹಿತ್ತಲಲ್ಲಿ ಮಾಡುವ ಕೆಲಸ ಅಲ್ಲ. ಫ್ಲೋರೈಡುಗಳು ಬಿಸಿಯಾದಾಗ, ತೇವ ತಾಗಿದಾಗ ಹೈಡ್ರೋಜನ್ ಫ್ಲೋರೈಡ್ ಬರುತ್ತದೆ. ಅದು ಚರ್ಮದೊಳಗೆ ಇಳಿದು ಮೂಳೆಯವರೆಗೆ ಹೋಗುತ್ತದೆ, ಮೊದಲಿಗೆ ನೋವೂ ಗೊತ್ತಾಗದೆ ಇರಬಹುದು. ಅದು ತಾಗಿದರೆ ಹಚ್ಚುವ ಕ್ಯಾಲ್ಸಿಯಂ ಗ್ಲೂಕೊನೇಟ್ ಜೆಲ್ ಕೈಗೆ ಸಿಗುವಂತೆ ಇಲ್ಲದೆ ಕುಲುಮೆ ಹಚ್ಚಬೇಡಿ. ಒಬ್ಬರೇ ಇರುವಾಗಲೂ ಬೇಡ.

ತೂಗುವುದು, ಬೆರೆಸುವುದು, ಕರಗಿಸುವುದು, ಎರಕ ಹೊಯ್ಯುವುದು, ಎಲ್ಲವೂ ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸ್ ಒಳಗೆ, ಅಂದರೆ ಹೊರಗಿನಿಂದ ಕೈಗವಸಿನ ಮೂಲಕ ಕೈ ಹಾಕುವ ಮುಚ್ಚಿದ ಪೆಟ್ಟಿಗೆಯೊಳಗೆ. ನೀರಿನ ಪ್ರಮಾಣ ಹತ್ತು ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ ಇರಲಿ. ಪ್ಲಾಟಿನಂ ಅಥವಾ ಗಾಜಿನಂಥ ಇಂಗಾಲದ ಮೂಸೆ. ಪುಡಿಯಲ್ಲಿ ಆಕ್ಸೈಡ್ ಉಳಿದಿರುವ ಅನುಮಾನ ಇದ್ದರೆ ಸ್ವಲ್ಪ ಅಮೋನಿಯಂ ಬೈಫ್ಲೋರೈಡ್ ಸೇರಿಸಿ 400 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟು, ಅದು ಪೂರ್ತಿ ಹೋದ ಮೇಲೆ ಮುಂದೆ ಹೋಗಿ. ಆದರೆ ಅದರ ಜೊತೆ ಹೊಸ ಕಲ್ಮಶವೂ ಬರಬಹುದು. ಪುಡಿ ಚೆನ್ನಾಗಿದ್ದರೆ ಬಿಟ್ಟುಬಿಡಿ.

ಮುಚ್ಚಳ ಹಾಕಿ ಸುಮಾರು 850 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ. ಮುಚ್ಚಳ ಯಾಕೆ ಅಂದರೆ ಜಿರ್ಕೋನಿಯಂ ಫ್ಲೋರೈಡ್ ಆವಿಯಾಗಿ ಹೋಗುತ್ತದೆ, ಅಳತೆ ತಪ್ಪುತ್ತದೆ. ಆಮೇಲೆ 650ರ ಹತ್ತಿರ ಇಳಿಸಿ, 250 ಡಿಗ್ರಿಗೆ ಕಾಯಿಸಿಟ್ಟ ಹಿತ್ತಾಳೆ ಅಚ್ಚಿಗೆ ಒಂದೇ ಸಲಕ್ಕೆ ಹೊಯ್ಯಿರಿ. ಇಲ್ಲಿ ಹಿಂದೆ ಮುಂದೆ ನೋಡುವಂತಿಲ್ಲ. 350ರಿಂದ 400 ಡಿಗ್ರಿ ನಡುವೆ ಈ ಗಾಜು ಹರಳುಗಟ್ಟುತ್ತದೆ. ಅಲ್ಲಿ ನಿಂತರೆ ನಿಮಗೆ ಸಿಗುವುದು ಹಾಲುಬಿಳಿ ಕಲ್ಲು. ಗಾಜು ಗಟ್ಟಿಯಾಗುವ ಹದ ಸುಮಾರು 260 ಡಿಗ್ರಿ. ಅದರ ಸ್ವಲ್ಪ ಕೆಳಗೆ ಎರಡು ಗಂಟೆ ಇಟ್ಟು ನಿಮಿಷಕ್ಕೆ ಒಂದು ಡಿಗ್ರಿಗಿಂತ ನಿಧಾನವಾಗಿ ಇಳಿಸಿ. ಹಿತ್ತಾಳೆಯಲ್ಲಿ ತಾಮ್ರ ಇದೆ ಅಂತ ನೆನಪಾಯಿತಾ? ಮುಟ್ಟಿದ್ದು ಕೆಲವೇ ಸೆಕೆಂಡು, ಆದರೂ ಹೊರಚರ್ಮ ಒಂದಿಷ್ಟು ತೆಗೆದುಹಾಕಿ.

ಗಾಜು ಬೂದು ಬಣ್ಣಕ್ಕೆ ತಿರುಗಿದ್ದರೆ ಜಿರ್ಕೋನಿಯಂನ ಸ್ವಲ್ಪ ಭಾಗ ಫ್ಲೋರಿನ್ ಕಳೆದುಕೊಂಡಿದೆ ಎಂದು ಅರ್ಥ. ಅದನ್ನು ಪಾಲಿಶ್ ಮಾಡಿ ಸಮಯ ಕಳೆಯಬೇಡಿ.

ಮಳೆಗಾಲದ ನಿಯಮಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ ಒಣಗುವುದಿಲ್ಲ, ಹಪ್ಪಳ ಮೆತ್ತಗಾಗುತ್ತದೆ. ಜಬ್ಲಾನ್‌ಗೆ ಆಗುವುದು ಅದಕ್ಕಿಂತ ಕೆಟ್ಟದ್ದು. ಮೇಲ್ಮೈಯನ್ನು ನೀರು ಕೊರೆಯುತ್ತದೆ, ಮಂಜು ಹಿಡಿದಂತೆ ಆಗುತ್ತದೆ. ಕರಗಿಸುವಾಗಲೇ ನೀರು ಒಳಸೇರಿದರೆ ಇನ್ನೂ ಅಪಾಯ. ಗಾಜಿನೊಳಗೆ ಉಳಿದ ಹೈಡ್ರಾಕ್ಸಿಲ್ ಗುಂಪಿನ ಕಂಪನ, ಮೊದಲಿನ ಅದೇ ಲೆಕ್ಕದಲ್ಲಿ, ಸುಮಾರು 3400. ಮೂರು ಹೆಜ್ಜೆ ಇಟ್ಟರೆ 10,000 ಬಂತಲ್ಲ! ಇಟರ್ಬಿಯಂನ ಶಕ್ತಿ ಆ ದಾರಿಯಲ್ಲಿ ಸೀದಾ ಶಾಖವಾಗುತ್ತದೆ. ಫ್ಲೋರೈಡ್ ಗಾಜಿನ ಮೆತ್ತನೆ ಕಂಪನಕ್ಕೆ ಇಷ್ಟು ಖರ್ಚು ಮಾಡಿ, ನೀರಿನ ದಾರಿಯಲ್ಲಿ ಕಳಕೊಳ್ಳುವುದು ಎಂಥ ಚಂದ ಮಾರಾಯ್ರೆ.

ಹಾಗಾಗಿ ಕರಗಿಸುವ ಕೆಲಸ ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಇಟ್ಟುಕೊಳ್ಳಿ, ಮಳೆಗಾಲಕ್ಕೆ ಅಳೆಯುವುದು, ಬರೆಯುವುದು. ಗ್ಲೋವ್ ಬಾಕ್ಸ್ ಇರುವಾಗ ಕಾಲ ಯಾಕೆ ನೋಡಬೇಕು ಅನ್ನಬಹುದು. ಕರೆಂಟು ಹೋಗುತ್ತದೆ, ಶುದ್ಧೀಕರಣದ ಪಂಪು ನಿಲ್ಲುತ್ತದೆ, ಕೈಗವಸಿನ ರಬ್ಬರಿನಿಂದಲೂ ತೇವ ನಿಧಾನವಾಗಿ ಒಳಬರುತ್ತದೆ. ಒಂದು ಜುಲೈ ರಾತ್ರಿ ಹೀಗೇ ಆಗಿ, ತೂಗಿಟ್ಟ ನಮ್ಮ ಪುಡಿ ಪೂರ್ತಿ ಕೆಟ್ಟಿತು. ಗಾಜನ್ನು ಒಣಗಿರುವಂತೆ ಇಡುವ ಪಾತ್ರೆಯ, ಅಂದರೆ ಡೆಸಿಕೇಟರಿನ, ನೀಲಿ ಸಿಲಿಕಾ ಜೆಲ್ ಗುಲಾಬಿಯಾದ ದಿನವೇ ಬದಲಿಸಿ, ವಾರಾಂತ್ಯಕ್ಕೆ ಕಾಯಬೇಡಿ. ಪಾಲಿಶ್‌ಗೆ ನೀರು ಬೇಡ. ಎಣ್ಣೆಯಲ್ಲಿ ಕಲಸಿದ ವಜ್ರದ ಪೇಸ್ಟ್ ಬಳಸಿ, ಒಣ ಐಸೋಪ್ರೊಪನಾಲ್‌ನಲ್ಲಿ ಒರೆಸಿ.

ಲೇಸರ್‌ಗೆ ಮುಂಚಿನ ತಪಾಸಣೆ

ಇನ್‌ಫ್ರಾರೆಡ್ ಸ್ಪೆಕ್ಟ್ರೋಮೀಟರಿನಲ್ಲಿ 2.9 ಮೈಕ್ರಾನ್ ಹತ್ತಿರ ನೋಡಿ. ಅಲ್ಲಿ ಗುಂಡಿ ಕಂಡರೆ ಅದು ನೀರು. ನಂತರ ಫ್ಲೋರೆಸೆನ್ಸ್, ಅಂದರೆ ಅಯಾನು ಹೊರಸೂಸುವ ಬೆಳಕು, ಆರುವ ಸಮಯ. ಜಬ್ಲಾನ್‌ನಲ್ಲಿ ಇಟರ್ಬಿಯಂ ಸುಮಾರು 2 ಮಿಲಿಸೆಕೆಂಡ್ ಬೆಳಗಬೇಕು. ಬಹಳ ಕಡಿಮೆ ಬಂದರೆ ಸೋರಿಕೆ ಇದೆ. ದಪ್ಪ ತುಂಡಿನಲ್ಲಿ ಈ ಸಮಯ ಸುಳ್ಳೇ ಉದ್ದ ಬರುತ್ತದೆ, ಯಾಕೆಂದರೆ ಹೊರಟ ಬೆಳಕನ್ನು ಪಕ್ಕದ ಅಯಾನು ಮತ್ತೆ ಹೀರುತ್ತದೆ. ತೆಳು ಚೂರಿನಲ್ಲಿ, ಅಂಚಿನ ಹತ್ತಿರ ಅಳೆಯಿರಿ.

ಹೀಗೆ ಮತ್ತೆ ಮತ್ತೆ ಹೀರುವುದರಿಂದ ಸರಾಸರಿ ತರಂಗಾಂತರವೂ 995ರಿಂದ ಉದ್ದಕ್ಕೆ ಸರಿಯುತ್ತದೆ. 1000ಕ್ಕೆ ಸರಿದರೆ ನಿಮ್ಮ ಲಾಭ 3ರಿಂದ 2.5ಕ್ಕೆ ಇಳಿಯಿತು. ಆದ್ದರಿಂದ ನಿಮ್ಮದೇ ತುಂಡಿನ ಸ್ಪೆಕ್ಟ್ರಮ್ ತೆಗೆದು ಸರಾಸರಿ ಲೆಕ್ಕ ಹಾಕಿ, ಪುಸ್ತಕದ ಅಂಕಿ ಬಳಸಬೇಡಿ.

ತಂಪು ಅಳೆಯುವುದು

5 ಮಿಲಿಮೀಟರ್ ಅಗಲ, 5 ಎತ್ತರ, 10 ಉದ್ದದ ತುಂಡು ತೆಗೆದುಕೊಳ್ಳೋಣ. ಸೆಂಟಿಮೀಟರಿಗೆ ಇಟರ್ಬಿಯಂ ಹೀರುವುದು ನೂರಕ್ಕೆ 2 ಪಾಲು ಎಂದಿಟ್ಟುಕೊಳ್ಳಿ. 5 ವ್ಯಾಟ್ ಲೇಸರ್ ಒಂದು ಸಲ ಹಾದುಹೋದರೆ ಹೀರಿದ್ದು 100 ಮಿಲಿವ್ಯಾಟ್. ನಿವ್ವಳ ಲಾಭ ಶೇಕಡ 1 ಆದರೆ ತಂಪಿನ ಶಕ್ತಿ 1 ಮಿಲಿವ್ಯಾಟ್. ಸುತ್ತಲಿನ ಗೋಡೆಗಳ ವಿಕಿರಣದಿಂದ ಈ ತುಂಡಿಗೆ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 1.5 ಮಿಲಿವ್ಯಾಟ್ ಶಾಖ ಬರುತ್ತದೆ. ಹಾಗಾದರೆ ನಿರ್ವಾತದಲ್ಲಿ ಇಳಿಯುವುದು ಸುಮಾರು 0.65 ಡಿಗ್ರಿ. ಗಾಳಿ ಇದ್ದರೆ ಕಾಲು ಡಿಗ್ರಿ. ಕೈ ಮುಟ್ಟಿ ನೋಡಿ ಗೊತ್ತಾಗುವ ತಂಪಲ್ಲ ಇದು. ಜಾಸ್ತಿ ಬೇಕಾದರೆ ಎರಡು ಕನ್ನಡಿಗಳ ನಡುವೆ ಲೇಸರನ್ನು ಹಲವು ಸಲ ಓಡಾಡಿಸಬೇಕು.

ತುಂಡನ್ನು ಎರಡು ತೆಳು ಗಾಜಿನ ಎಳೆಗಳ ಮೇಲೆ ಕೂರಿಸಿ, ಆದಷ್ಟು ಕಡಿಮೆ ತಾಗುವಂತೆ. ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ಅಂಟಿಸಬೇಡಿ. ಚದುರಿದ ಬೆಳಕನ್ನು ಅದೇ ಹೀರಿ ಬಿಸಿಯಾಗಿ ನಿಮಗೆ ಸುಳ್ಳು ಹೇಳುತ್ತದೆ. 8ರಿಂದ 12 ಮೈಕ್ರಾನ್‌ನ ಥರ್ಮಲ್ ಕ್ಯಾಮೆರಾ ಒಳ್ಳೆಯದು. ಆ ತರಂಗಾಂತರಕ್ಕೆ ಜಬ್ಲಾನ್ ಪಾರದರ್ಶಕ ಅಲ್ಲ, ಹಾಗಾಗಿ ಕಾಣುವುದು ಗಾಜಿನದೇ ಉಷ್ಣತೆ. ತುಂಡು ಇರುವ ನಿರ್ವಾತ ಪೆಟ್ಟಿಗೆಯ ಕಿಟಕಿ ಮಾತ್ರ ಮಾಮೂಲಿ ಗಾಜಾಗಬಾರದು, ಜಿಂಕ್ ಸೆಲೆನೈಡ್ ಅಥವಾ ಜರ್ಮೇನಿಯಂ ಬೇಕು. ಪೊಟ್ಯಾಸಿಯಂ ಕ್ಲೋರೈಡ್ ಕಿಟಕಿ ಅಗ್ಗ, ಆದರೆ ಅದು ಉಪ್ಪು. ನಮ್ಮ ಮಳೆಗೆ ಅದು ಹದಿನೈದು ದಿನ ಬಾಳಿದರೆ ಹೆಚ್ಚು.

ಪಕ್ಕದಲ್ಲಿ ಇಟರ್ಬಿಯಂ ಇಲ್ಲದ ಅದೇ ಅಳತೆಯ ಗಾಜು ಒಂದು ಇಡಿ, ಅದಕ್ಕೆ ಲೇಸರ್ ತಾಗಬಾರದು. ಎರಡರ ವ್ಯತ್ಯಾಸ ನೋಡಿ. ಇಲ್ಲದಿದ್ದರೆ ನೀವು ಅಳೆಯುವುದು ಏಸಿ ಆನ್ ಆಫ್ ಆಗುವುದನ್ನು. ಈ ಗಾತ್ರದ ತುಂಡು ನಿರ್ವಾತದಲ್ಲಿ ಒಂದು ಹದಕ್ಕೆ ಬರಲು 20 ನಿಮಿಷ ಬೇಕು. ಅಷ್ಟು ಹೊತ್ತು ಸುಮ್ನೆ ಕೂರಿ. ಮೊದಲ ಸಲ 0.4 ಡಿಗ್ರಿ ತಂಪು ನೋಡಿ ನಾನು ಕುಣಿದಿದ್ದೆ. ಕ್ಯಾಮೆರಾ ಮುಂದೆ ಬಾಗಿದ್ದ ನನ್ನ ಮುಖದ ಪ್ರತಿಬಿಂಬ ಮೊದಲು ಗಾಜಿನಲ್ಲಿ ಇತ್ತು, ಲೇಸರ್ ಹಾಕಲು ನಾನು ಪಕ್ಕಕ್ಕೆ ಹೋದಾಗ ಅದೂ ಹೋಯಿತು. ಅಷ್ಟೇ ಆಗಿದ್ದು.

1 ಮೈಕ್ರಾನ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಅಕ್ಷಿಪಟಲ ಸುಡುತ್ತದೆ. ನಿಮ್ಮ ಲೇಸರಿನ ತರಂಗಾಂತರ ಬರೆದಿರುವ ಕನ್ನಡಕವೇ ಬೇಕು.

ತರಂಗಾಂತರ ಬದಲಿಸಬಹುದಾದ ಲೇಸರ್ ಇದ್ದರೆ 980ರಿಂದ 1070ರವರೆಗೆ ಹೆಜ್ಜೆ ಹೆಜ್ಜೆಯಾಗಿ ಹೋಗಿ, ಪ್ರತಿ ಜಾಗದಲ್ಲೂ ಹೀರಿದ ಪ್ರತಿ ವ್ಯಾಟ್‌ಗೆ ಎಷ್ಟು ಡಿಗ್ರಿ ಬದಲಾಯಿತು ಎಂದು ಗುರುತಿಸಿ. ಮೊದಲು ಬಿಸಿ, ಒಂದು ಕಡೆ ಸೊನ್ನೆ, ಆಮೇಲೆ ತಂಪು, ಮತ್ತೊಂದು ಕಡೆ ಸೊನ್ನೆ, ಮತ್ತೆ ಬಿಸಿ. ಮೊದಲ ಸೊನ್ನೆ ನಿಮ್ಮ ಹೊರಬರುವ ದಕ್ಷತೆ ಹೇಳುತ್ತದೆ. ಅದು 1000 ನ್ಯಾನೋಮೀಟರ್‌ನಲ್ಲಿ ಬಂದರೆ 995 ಭಾಗಿಸು 1000, ಅಂದರೆ 0.995. ಎರಡನೆಯ ಸೊನ್ನೆ ಕಲ್ಮಶದ ಕತೆ. ಉದ್ದ ತರಂಗಾಂತರಕ್ಕೆ ಹೋದಂತೆ ಇಟರ್ಬಿಯಂ ಹೀರುವುದು ಕಡಿಮೆಯಾಗುತ್ತದೆ, ಕಲ್ಮಶ ಮಾತ್ರ ಹೀರುತ್ತಲೇ ಇರುತ್ತದೆ. ಅಂಥ ಲೇಸರ್ ಇಲ್ಲವೇ? 976ರ ಡಯೋಡ್, 1030ರ ಸುಮಾರಿನದು ಒಂದು, 1064ರದು ಒಂದು, ಮೂರರಲ್ಲಿ ಕೆಲಸ ಸಾಗಿಸಬಹುದು. 976ರಲ್ಲಿ ಬಿಸಿಯಾಗಲೇಬೇಕು. ಆಗದಿದ್ದರೆ ನಿಮ್ಮ ಅಳತೆಯೇ ತಪ್ಪು. 1064ರಲ್ಲಿ ಬರುವ ಬಿಸಿ ಬಹುಪಾಲು ಕಲ್ಮಶದ್ದು.

ಬಿಸಿಯಾದರೆ

ಮೊದಲ ಗಾಜು ಬಿಸಿಯಾಗುತ್ತದೆ. ಕೋಣೆ ಕತ್ತಲು ಮಾಡಿ, ಕನ್ನಡಕ ಹಾಕಿದವರ ಬದಲು ಮಾಮೂಲಿ ಕ್ಯಾಮೆರಾ ಒಂದು ಗಾಜನ್ನು ನೋಡಲಿ. ಹಸಿರು ಹೊಳಪು ಕಂಡರೆ ಎರ್ಬಿಯಂ, ನೀಲಿ ಕಂಡರೆ ಥೂಲಿಯಂ ಸೇರಿಕೊಂಡಿರಬಹುದು. ಇವು ಇಟರ್ಬಿಯಂನ ಅಕ್ಕಪಕ್ಕದ ಧಾತುಗಳು, ಬಿಡಿಸುವುದು ಕಷ್ಟ. ಆದರೆ ಎರಡು ಇಟರ್ಬಿಯಂ ಅಯಾನು ಸೇರಿಯೂ 500 ನ್ಯಾನೋಮೀಟರ್ ಹತ್ತಿರ ಮಂಕಾದ ಹೊಳಪು ಕೊಡುತ್ತವೆ. ಹಾಗಾಗಿ ಕಣ್ಣಳತೆ ಸಾಲದು, ಸ್ಪೆಕ್ಟ್ರಮ್ ತೆಗೆಯಿರಿ. ಹೊಳಪು ಇಲ್ಲ, ಬೆಳಗುವ ಸಮಯವೂ ಸರಿ ಇದೆ, ಆದರೂ 1064ರಲ್ಲಿ ಜೋರು ಬಿಸಿ ಅಂದರೆ ಕಬ್ಬಿಣ ಅಥವಾ ತಾಮ್ರ. ಪುಡಿ ಬದಲಿಸಿ. ಬೆಳಗುವ ಸಮಯ ಕಡಿಮೆ, 2.9 ಮೈಕ್ರಾನ್‌ನಲ್ಲಿ ಗುಂಡಿ ಅಂದರೆ ನೀರು. ಗ್ಲೋವ್ ಬಾಕ್ಸಿನ ಕೈಗವಸಿನಿಂದ ಶುರು ಮಾಡಿ ಸೋರಿಕೆ ಹುಡುಕಿ. ಹೋದ ತಿಂಗಳು ತಂಪಾಗಿದ್ದ ಅದೇ ತುಂಡು ಈಗ ಬಿಸಿಯಾಗುತ್ತಿದ್ದರೆ ಕೆಟ್ಟಿದ್ದು ಬಹುಶಃ ಮೇಲ್ಮೈ ಮಾತ್ರ. ಎಣ್ಣೆಯಲ್ಲಿ ಒಂದು ಪದರ ಉಜ್ಜಿ ತೆಗೆದು, ಒಂದು ರಾತ್ರಿ ಡೆಸಿಕೇಟರಿನಲ್ಲಿಟ್ಟು, ಬೆಳಿಗ್ಗೆ 976ರಿಂದ ಮತ್ತೆ ಶುರು ಮಾಡಿ.